ಅವಳಿ ಸಿಲಿಂಡರುಗಳ ವಾರ

1967 ಫೆಬ್ರವರಿ 6, ನೊವೊಸಿಬಿರ್ಸ್ಕ್

ಬೆಳಗಿನಿಂದ ಎಂಟು ಢಮಾರ್. ವಿದ್ಯುತ್ ತುಂಬಿಟ್ಟ ಕೆಪಾಸಿಟರುಗಳು ಒಮ್ಮೆಲೇ ಖಾಲಿಯಾದವೆಂದರೆ ಕಾಂತಕ್ಷೇತ್ರ ಕೊಳವೆಯೊಳಗಿನ ಅನಿಲಕ್ಕೆ ಸುತ್ತಲಿಂದಲೂ ಬಾರಿಸುತ್ತದೆ, ಆಘಾತ ತರಂಗ ನಡುವಿಗೆ ನುಗ್ಗುತ್ತದೆ, ಅನಿಲ ಸುಡುಸುಡು ಪ್ಲಾಸ್ಮಾ ಆಗುತ್ತದೆ. ಕೆಳಗಿನ ಮಹಡಿಯ ಗ್ರಂಥಪಾಲಕಿಯ ಚಹಾಕ್ಕೆ ಸುಣ್ಣ ಉದುರಿತಂತೆ. ಬಂದು ಬೈದು ಹೋದರು.

ಆದರೆ ನ್ಯೂಟ್ರಾನ್ ಬಂತು, ಪರಮಾಣುಗಳು ಬೆಸೆದುಕೊಂಡ ಗುರುತು! ಪ್ರತಿ ಸಲವೂ ಕೌಂಟರ್ ಟಿಕ್ ಟಿಕ್. ಪ್ರಯೋಗಾಲಯದ ಮುಖ್ಯಸ್ಥ ಇನ್ನೊಕೆಂತಿ ಪ್ಲಾತನೊವಿಚ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. "ತಾಸ್ಯಾ, ನಿನ್ ಥೀಸಿಸ್ ಮುಗೀತು ಅಂತ್ಲೇ ತಿಳ್ಕೋ!" ಆಗಲೇ ಮಾಸ್ಕೋಗೆ ಫೋನ್ ಬೇರೆ. ಅಲ್ಲಿಂದ ಅಕಾಡೆಮಿಷಿಯನ್ ವೊರೊಟಿಲಿನ್ ಹದಿನಾಲ್ಕನೇ ತಾರೀಕು ನೋಡಲು ಬರುತ್ತಾರೆ.

ಫೆ. 8

ತಲೆಗೆ ಹುಳ ಬಿಟ್ಟುಕೊಂಡೆ. ವಿದ್ಯುತ್ತಿನ ಆ ಅಬ್ಬರಕ್ಕೆ ಕೌಂಟರೇ ಬೆಚ್ಚಿಬಿದ್ದು ಟಿಕ್ ಅಂದಿದ್ದರೆ? ಪರೀಕ್ಷೆ ಸುಲಭ. ಕೊಳವೆಗೆ ಈಗ ತುಂಬುತ್ತಿರುವ ಭಾರ ಜಲಜನಕದ (ಡ್ಯೂಟೀರಿಯಂ) ಬದಲು ಸಾದಾ ಜಲಜನಕ ತುಂಬುವುದು. ಅದರಲ್ಲಿ ನ್ಯೂಟ್ರಾನ್ ಹುಟ್ಟದು. ಆಗಲೂ ಟಿಕ್ ಅಂದರೆ ಎಲ್ಲವೂ ಸುಳ್ಳು... ಥೀಸಿಸ್ ಒಲೆಗೆ. ಇನ್ನೊಕೆಂತಿಯವರಿಗೆ ಹೇಗೆ ಹೇಳಲಿ? ಹೊಸ ಟೈ ಕೊಂಡಿದ್ದಾರೆ.

ಫೆ. 9, ಗುರುವಾರ

ಬೆಳಿಗ್ಗೆ ಪಂಪ್ ಕೆಟ್ಟಿತ್ತು, ಒಂದೂ ಢಮಾರ್ ಇಲ್ಲ. ಎಲ್ಲರೂ ಕ್ಯಾಂಟೀನಿನಲ್ಲಿ ಪೆಲ್ಮೆನಿ ಕಡುಬು ತಿನ್ನುವಾಗ ಒಬ್ಬಳೇ ವಾಪಸ್ ಬಂದೆ. ಭಾರದ್ದು, ಸಾದಾದ್ದು, ಎರಡೂ ಸಿಲಿಂಡರು ಅವಳಿಜವಳಿ, ಕತ್ತಿನ ಚೀಟಿಯೊಂದೇ ಗುರುತು. ಸಿಲಿಂಡರ್ ಬದಲಾಯಿಸಿದೆ, ಯಾರಿಗೂ ತಿಳಿಯದಂತೆ ಚೀಟಿಯನ್ನೂ.

ಮಧ್ಯಾಹ್ನ ಐದು ಢಮಾರ್. ಐದಕ್ಕೂ ಟಿಕ್ ಟಿಕ್. ಮುಗಿಯಿತು.

ಇನ್ನೊಕೆಂತಿಯವರ ಮುಖ ನನ್ನದಕ್ಕಿಂತ ಬಿಳುಚಿತ್ತು. "ಪೆಲ್ಮೆನಿ ಜಾಸ್ತಿ ಆಯ್ತು" ಅಂದರು. ನಾನು ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆ. 13

ಬರೆಯುವ ಮನಸ್ಸಿರಲಿಲ್ಲ. ಇಂದು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಇನ್ನೊಕೆಂತಿ ಎದ್ದು ಬಾಗಿಲಿಗೆ ಚಿಲಕ ಹಾಕಿದರು.

"ನೀನೂನಾ? ಯಾವಾಗ?"

"ಗುರುವಾರ, ಊಟದ ಹೊತ್ನಲ್ಲಿ."

"ಅಯ್ಯೋ ಪುಣ್ಯಾತ್ಗಿತ್ತಿ! ನಾನು ಬುಧ್ವಾರ ಸಂಜೆನೇ ಚೀಟಿ ಸಮೇತ ಬದಲಾಯ್ಸಿದ್ನಲ್ಲೇ! ನೀನು ವಾಪಸ್ ಭಾರದ್ದನ್ನೇ ಹಾಕಿದೀಯ!"

ಅಂದರೆ ಗುರುವಾರ ಟಿಕ್ ಅಂದದ್ದು ಭಾರ ಜಲಜನಕವೇ. ಸಾದಾ ಜಲಜನಕದ ಪರೀಕ್ಷೆ ಇನ್ನೂ ಆಗಿಯೇ ಇಲ್ಲ. ಒಂದೇ ಹೆಣಕ್ಕೆ ಇಬ್ಬರೂ ಬೇರೆಬೇರೆ ಕೋಣೆಯಲ್ಲಿ ಅಳುತ್ತಿದ್ದೆವು, ಹೆಣವೇ ಇರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ ನೀವು?"

"ನಿನ್ ಥೀಸಿಸ್ ಅಲ್ವೇನೇ... ಹೇಗ್ ಹೇಳ್ಲಿ?"

ಕಣ್ಣು ತುಂಬಿ ಬಂತು. ಈ ಮನುಷ್ಯನನ್ನು ಇಷ್ಟು ದಿನ ಬರೀ ಜಂಬದ ಕೋಳಿ ಅಂದುಕೊಂಡಿದ್ದೆ.

ರಸಾಯನ ವಿಭಾಗದವರಿಂದ ಸೀಲು ಒಡೆಯದ ಸಾದಾ ಜಲಜನಕ ತಂದೆವು. ನಾಳೆ ಬೆಳಿಗ್ಗೆ ಪರೀಕ್ಷೆ. ವೊರೊಟಿಲಿನ್ ಬರುವುದು ಮಧ್ಯಾಹ್ನದ ವಿಮಾನಕ್ಕೆ.

ಫೆ. 14, ಬೆಳಿಗ್ಗೆ

ಕೆಪಾಸಿಟರುಗಳು ಚಾರ್ಜ್ ಆಗುತ್ತಿವೆ. ಕೌಂಟರ್ ಸುಮ್ಮನಿದ್ದರೆ ಗೆದ್ದೆವು...

ಅದೇ ಬೆಳಿಗ್ಗೆ, ಸ್ವಲ್ಪ ಹೊತ್ತಿನ ಮೇಲೆ

ಢಮಾರ್. ಸೊನ್ನೆ! ಮತ್ತೊಂದು. ಸೊನ್ನೆ! ಮೂರನೆಯದೂ ಸೊನ್ನೆ! ಕಿರುಚಿದೆ. ಇನ್ನೊಕೆಂತಿ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದರು. "ಏನೂ ಬರ್ಲಿಲ್ಲ! ಒಂದೂ ಬರ್ಲಿಲ್ಲ!"

ಬಾಗಿಲಲ್ಲಿ ತುಪ್ಪಳದ ಟೋಪಿ. ವೊರೊಟಿಲಿನ್. ನಿನ್ನೆ ಸಂಜೆಯೇ ಬಂದಿಳಿದಿದ್ದರಂತೆ. ಕೌಂಟರಿನ ಸೊನ್ನೆ ನೋಡಿದರು. ನಮ್ಮ ಕುಣಿತ ನೋಡಿದರು.

"ಇದನ್ ನೋಡೋಕಾ ನನ್ನ ಮಾಸ್ಕೋದಿಂದ ಕರೆಸಿದ್ದು?"

ತಿರುಗಿ ಹೊರಟೇಬಿಟ್ಟರು. ಇನ್ನೊಕೆಂತಿ ಬೆನ್ನಟ್ಟಿದ್ದಾರೆ. ಮೆಟ್ಟಿಲಿನಿಂದ ಕೂಗು ಇಲ್ಲಿಗೇ ಕೇಳುತ್ತಿದೆ: "ನಿಲ್ಲಿ ಸ್ವಾಮಿ, ಸೊನ್ನೆ ಬಂತು ಅಂತ್ಲೇ ನಾವು ಕುಣಿದಿದ್ದು!"

ಅಯ್ಯೋ, ಹಾಗಾ ಹೇಳುವುದು! ನಾನೇ ಹೋಗಿ—