ರೈಲು ಬಿಟ್ಟು ಗಾಡಿಯಲ್ಲಿ ಬಂದದ್ದು ಯಾಕೆಂದರೆ

ಯರಗುಪ್ಪಿ, ತಾ. ಕುಂದಗೋಳ
೧೬ ಡಿಸೆಂಬರ್ ೨೦೨೪

ಮುದ್ದಿನ ಸುವರ್ಣಾ,

ನಿನ್ನ ಆಯಿಯ ಆಶೀರ್ವಾದಗಳು. ಮೈಯಲ್ಲಿ ಆರಾಮ ಇದ್ದೀಯಾ? ಅವತ್ತು ಗೋವಾದಲ್ಲಿ ನಿನ್ನ ಕೆಮ್ಮು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಹಡಗಿನೊಳಗೆ ಹೊತ್ತಿಲ್ಲದ ಹೊತ್ತಿನಲ್ಲೂ ತಣ್ಣನೆಯ ಗಾಳಿ ಬಿಡುತ್ತಾರೆ ಎಂದೆಯಲ್ಲ, ಕತ್ತಿಗೆ ಒಂದು ಬಟ್ಟೆ ಸುತ್ತಿಕೋ, ನೋಡಿದವರು ನಕ್ಕರೆ ನಗಲಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನವ್ವ ಮೆಣಸಿನಕಾಯಿ ಬಿಡಿಸುವ ಆಳುಗಳ ಜೊತೆ ಹೊಲಕ್ಕೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ, ಯಾರಾದರೂ ಬರುವ ಮೊದಲು ಬರೆದು ಮುಗಿಸಬೇಕು. ಫೋನಿನಲ್ಲಿ ಹೇಳೋಣವೆಂದರೆ ಈಗೀಗ ನಿನ್ನ ಅಪ್ಪ ಬಾಜುಕ್ಕೇ ಬಂದು ಕೂಡುತ್ತಾನೆ. ಅದಕ್ಕೇ ನೀನು ಕೊಟ್ಟ, ನಿನ್ನ ಹಡಗಿನ ಕಂಪನಿಯ ಮುಂಬೈ ಆಫೀಸಿನ ವಿಳಾಸಕ್ಕೆ ಈ ಕಾಗದ.

ಬಂದರಿನ ಗೇಟಿನಲ್ಲಿ ನನ್ನ ಕಾಲು ಮುಟ್ಟಿ ಎದ್ದವಳೇ ನೀನು ಕೇಳಿದೆ: "ಆಯಿ, ರೈಲಿಗೆ ಬಾ ಅಂತ ಎಷ್ಟ ಸಲ ಹೇಳಿದ್ನಿ, ಯಾಕ ಗಾಡ್ಯಾಗ ಬಂದಿ?" ನಿನ್ನ ಮುಖ ಸಣ್ಣದಾಗಿತ್ತು. ಆಗುವುದೇ. ಹಡಗು ಬಂದರಿನಲ್ಲಿ ನಿಂತಾಗಲೆಲ್ಲ ಪ್ರವಾಸಿಗಳಿಗೆ ಏನು ನೋಡಬೇಕು, ರೈಲಿನಲ್ಲಿ ಹೋಗಬೇಕೋ ಗಾಡಿಯಲ್ಲೋ ಎಂದು ಹೇಳಿಕೊಡುವುದೇ ನಿನ್ನ ಕೆಲಸ. ದೇಶದೇಶದ ಮಂದಿ ನಿನ್ನ ಮಾತು ಕೇಳುತ್ತಾರೆ, ಸ್ವಂತ ಆಯಿ ಕೇಳಲಿಲ್ಲ. ಹಡಗು ಗೋವಾದಲ್ಲಿ ಒಂದು ಹಗಲು ನಿಲ್ಲುತ್ತದೆ, ಮಧ್ಯಾಹ್ನ ಸ್ವಲ್ಪ ಹೊತ್ತು ನಿನ್ನನ್ನು ಹೊರಗೆ ಬಿಡುತ್ತಾರೆ, ಹುಬ್ಬಳ್ಳಿಯಿಂದ ವಾಸ್ಕೋ ರೈಲು ಹಿಡಿದರೆ ದೂಧಸಾಗರ ಕಿಟಕಿಯಲ್ಲೇ ಕಾಣುತ್ತದೆ ಎಂದು ನೀನು ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ಎಷ್ಟೋ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಜಲಪಾತದ ಪಾಠ ಮಾಡಿದೆ, ಒಂದು ಜಲಪಾತವನ್ನೂ ಕಣ್ಣಾರೆ ಕಾಣಲಿಲ್ಲ. ನಮ್ಮ ಓಣಿಯ ಬಾಬಾಸಾಬ ಹುಬ್ಬಳ್ಳಿಗೆ ಹೋದಾಗ ನನಗೂ ನಿನ್ನವ್ವಗೂ ಟಿಕೀಟು ತಂದಿದ್ದ. ಕಿಟಕಿ ಪಕ್ಕ ನನಗೆ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ನಿನ್ನ ಅಪ್ಪನಿಗೆ ಟಿಕೀಟು ತೆಗೆಸಿರಲಿಲ್ಲ. ತಿರ್ಲಾಪುರದವರು ಹಡಗಿನ ಕೆಲಸದ ಹುಡುಗಿ ಬೇಡವೆಂದು ಮದುವೆಯ ನಿಶ್ಚಯ ಮುರಿದ ಮೇಲೂ ನೀನು ಹೊರಟುಹೋದೆಯಲ್ಲ, ಅಂದಿನಿಂದ ನನ್ನ ಮಗ ಗೂಳಪ್ಪ ನಿನ್ನ ಹೆಸರು ಎತ್ತುತ್ತಿರಲಿಲ್ಲ. ನಿನ್ನ ಫೋನು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ನಾವು ಗೋವಾಕ್ಕೆ ಹೊರಡುವ ಮಾತು ನಡೆದಾಗಲೂ ಕಿವಿಯೇ ಇಲ್ಲದವನಂತೆ ಉಣ್ಣುತ್ತಿದ್ದ. ಆದರೆ ಆ ವಾರ ನಾನು ಬೇರೆಯೇ ನೋಡಿದೆ. ಬಾಡಿಗೆ ಇಲ್ಲದ ದಿನವೂ ತನ್ನ ಟ್ಯಾಕ್ಸಿ ಗಾಡಿ ತೊಳೆದ. ಗಾಲಿಗೆ ಗಾಳಿ ಹಾಕಿಸಿಕೊಂಡು ಬಂದ. ಸಂಜೆ ನಿನ್ನವ್ವನಿಗೆ, ನನಗೆ ಕೇಳುವ ಹಾಗೆ, "ರೈಲು ತಡಾ ಆದ್ರ ಏನ್ ಮಾಡ್ತೀರಿ? ಹಡಗ ನಿಮಗಂತ ಕಾಯತದೇನು?" ಎಂದ. ನನಗೆ ಆಗಲೇ ತಿಳಿಯಿತು. ಅವನಿಗೆ ಬರುವ ಮನಸ್ಸಿದೆ, ಬರುತ್ತೇನೆ ಎನ್ನಲು ಬಾಯಿಲ್ಲ. ನೀನೂ ಬಾ ಎಂದು ನಾನು ಕರೆದರೆ ಹಟಕ್ಕೆ ಬಿದ್ದು ಒಲ್ಲೆ ಎನ್ನುತ್ತಾನೆ, ಹೆತ್ತವಳಿಗೆ ಅಷ್ಟು ಗೊತ್ತಾಗದೇ?

ಮರುದಿನ ಮುಂಜಾನೆ ಮೊಣಕಾಲು ಹಿಡಿದುಕೊಂಡು ಕುಳಿತುಬಿಟ್ಟೆ. "ಗೂಳಪ್ಪಾ, ನನಗ ರೈಲ ಏರಾಕ ಆಗೂದಿಲ್ಲ. ನೀ ಗಾಡಿ ತಗದ್ರ ಹೋಗತೀನಿ. ಬ್ಯಾರೆ ಡ್ರೈವರ್ ಕೂಡ ಘಾಟ್ ಇಳಿಯಾಕ ನನಗ ಅಂಜಿಕಿ" ಎಂದೆ. ಅವನು ಬಹಳ ಹೊತ್ತು ಚಾ ಕುಡಿದ. ಆಮೇಲೆ, "ಗಾಡಿ ಅಷ್ಟ ಹೊಡಿತೀನಿ ಯವ್ವಾ. ಅಕಿನ್ನ ನೋಡಾಕ ಬರಂಗಿಲ್ಲ" ಎಂದ. "ನಿನ್ನ ಯಾರ ಕರದಾರ?" ಎಂದೆ. ನಿನ್ನವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಟಿಕೀಟು ವಾಪಸು ಮಾಡಿಸಲು ಹೇಳಿದಾಗ ಬಾಬಾಸಾಬ ಮಾತ್ರ ನನ್ನ ಮೊಣಕಾಲನ್ನೂ ಮುಖವನ್ನೂ ನೋಡಿ ಒಳಗೊಳಗೇ ನಕ್ಕು ಹೋದ.

ಬೆಳಕು ಹರಿಯುವ ಮೊದಲೇ ಹೊರಟೆವು. ಘಾಟಿನ ಈಚೆಯ ರಾಮನಗರ ದಾಟುವವರೆಗೆ ಎಲ್ಲ ಸುಸೂತ್ರ. ಗೋವಾಕ್ಕೆ ಇಳಿಯುವ ಅನಮೋಡ ಘಾಟಿನಲ್ಲಿ ಒಂದು ಲಾರಿ ತಿರುವಿನಲ್ಲಿ ಅಡ್ಡ ಸಿಕ್ಕಿಬಿದ್ದು ಹಿಂದೆ ಮುಂದೆ ಗಾಡಿಗಳ ಸಾಲು ನಿಂತಿತ್ತು. ಹೊತ್ತು ಏರುತ್ತ ಹೋಯಿತು. ಜಾಣತನ ಮಾಡಲು ಹೋಗಿ ಮಗುವಿನ ಮುಖವನ್ನೇ ನೋಡದೆ ಹಿಂದಿರುಗಬೇಕಾದೀತು, ರೈಲಾಗಿದ್ದರೆ ಇಷ್ಟರಲ್ಲಿ ಮುಟ್ಟುತ್ತಿದ್ದೆವು ಎಂದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಪ್ಪ ಇಳಿದು ಹೋಗಿದ್ದ. ಕಿಟಕಿಯಿಂದ ಕತ್ತು ಚಾಚಿ ನೋಡಿದರೆ, ಅಂಗಿಯ ತೋಳು ಮಡಚಿ ಲಾರಿಯ ಗಾಲಿಗೆ ಕಲ್ಲು ಕೊಡುತ್ತಿದ್ದಾನೆ, ಬಂದವರನ್ನೆಲ್ಲ ಹಿಂದೆ ಸರಿಸುತ್ತಿದ್ದಾನೆ. ಯಾರೋ ಏನೋ ಅಂದರು. ಅದಕ್ಕೆ ಅವನು, "ನನ್ನ ಮಗಳು ಅಲ್ಲಿ ಕಾಯಾಕ ಹತ್ಯಾಳ್ರಿ, ಸ್ವಲ್ಪ ಸರೀರಿ" ಎಂದದ್ದು ನಮಗೆ ಗಾಡಿಯೊಳಗೇ ಕೇಳಿಸಿತು. ನಾನೂ ನಿನ್ನವ್ವನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆವು. ಅವನು ಬಂದು ಕೈ ಒರೆಸಿಕೊಂಡು ಗಾಡಿ ಚಾಲು ಮಾಡಿದ.

ಮುಂದಿನದು ನಿನಗೆ ಗೊತ್ತು. ಚಾದಂಗಡಿಯಲ್ಲಿ ಕುಳಿತಾಗ ನೀನು ಎದ್ದು ಗಾಡಿಯ ಕಡೆ ಹೋದೆ. ನಾವು ಬೇಕೆಂದೇ ಉಳಿದೆವು, ಬೇಡವಾದ ಚಾ ಇನ್ನೊಮ್ಮೆ ತರಿಸಿದೆವು. ನಿನ್ನ ಅಪ್ಪ ಗಾಡಿಯಿಂದ ಇಳಿಯಲಿಲ್ಲ. ನೀನು ಕಿಟಕಿಯ ಹತ್ತಿರ ನಿಂತೇ ಇದ್ದೆ. ಕೊನೆಗೆ ಅವನು ಆ ಬದಿಗೆ ಕೈ ಚಾಚಿ ಬಾಗಿಲು ತೆರೆದ, ನೀನು ಒಳಗೆ ಕೂತೆ. ಅಲ್ಲಿ ಏನು ಮಾತಾಯಿತೆಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ.

ಹಿಂದಿರುಗುವಾಗ ಘಾಟಿನ ಬುಡದಲ್ಲಿ ಮೊಲ್ಲೆಮ್ ಊರು ಬಂತು. ಅಲ್ಲಿ ನಿನ್ನ ಅಪ್ಪ ಒಂದು ನಳದ ಹತ್ತಿರ ಗಾಡಿ ನಿಲ್ಲಿಸಿ ಬಹಳ ಹೊತ್ತು ಮುಖ ತೊಳೆದುಕೊಂಡ. ಬಂದು ಕುಳಿತು, "ಭಾಳ ಸೊರಗ್ಯಾಳ" ಎಂದ. ನಿನ್ನವ್ವ, "ಹೊತ್ತಿಗೆ ಸರಿಯಾಗಿ ಉಣ್ತೀಯೇನ ಅಂತ ನೀವ ಒಂದ ಮಾತ ಕೇಳಬೇಕಿತ್ತು" ಎಂದಳು. "ಕೇಳೀನಿ" ಎಂದ. ಅಷ್ಟೇ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಲ್ಲೇ ನಿದ್ದೆ ಹತ್ತಿತು, ಘಾಟು ಏರಿದ್ದು ಗೊತ್ತಾಗಲಿಲ್ಲ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ದೂರದ ಬಾಡಿಗೆ ಸಿಕ್ಕಿತ್ತೇನೋ ಎಂದು ಕೇಳಿದರಂತೆ. "ಬಾಡಿಗಿ ಅಲ್ಲ, ಮಗಳ ಹಡಗ ಬಂದಿತ್ತು, ನೋಡಾಕ ಹೋಗಿದ್ದೆ" ಎಂದನಂತೆ. ಬಾಬಾಸಾಬ ಬಂದು ಹೇಳಿ ಹೋದ.

ದೂಧಸಾಗರ ನೋಡಲಿಲ್ಲವೆಂದು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನ್ನ ಮೊಣಕಾಲು ಗಟ್ಟಿಯಾಗಿವೆ. ಇದನ್ನು ನಿನ್ನ ಅಪ್ಪನ ಮುಂದೆ ಆಡಬೇಡ. ಹೊತ್ತಿಗೆ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ನಿನ್ನವ್ವನ ನೂರು ಮುದ್ದು ಇದರ ಜೊತೆಗಿವೆ. ಎಲ್ಲ ನೀರಿನ ಮೇಲೂ ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಆಯಿ,
ದೇವಕ್ಕ

ತಾ.ಕ.: ಕಾಗದ ಮಡಚುವಷ್ಟರಲ್ಲಿ ನಿನ್ನ ಅಪ್ಪ ಬಂದ. ಯಾರಿಗೆ ಎಂದು ಕೇಳಲಿಲ್ಲ. ಹೊಸ್ತಿಲಲ್ಲೇ ನಿಂತು, "ಸೂಟಿ ಯಾವಾಗ ಸಿಗತದ ಕೇಳು. ಗೋವಾಕ್ಕ ಇಳೀಲಿ, ಮುಂಬೈಗೆ ಇಳೀಲಿ, ಕರಕೊಂಡ ಬರಾಕ ನಾನ ಹೋಗತೀನಿ. ಹಂಗ ಬರಿ" ಎಂದ. ಬರೆದಿದ್ದೇನೆ. ರಜೆಯ ತಾರೀಖು ನನಗೆ ತಿಳಿಸಬೇಡ ಮಗಳೇ, ಅವನಿಗೇ ಫೋನು ಮಾಡು.