ಕಾಮಗಾರಿ ಮುಗಿದ ರಸ್ತೆಯಿಂದ ವಾಪಸು

ಗ್ರಾಮೀಣ ರಸ್ತೆಗಳ ಮಾನ್ಯ ಎಂಜಿನಿಯರ್ ಸಾಹೇಬರೇ,

"ಹುಲಿಕಲ್ದೊಡ್ಡಿ ಸಂಪರ್ಕ ರಸ್ತೆಯ ದುರಸ್ತಿ ಕಾಮಗಾರಿ ಪೂರ್ಣಗೊಂಡಿರುತ್ತದೆ" ಎಂದು ಮೊಹರು ಒತ್ತಿ ಕಳಿಸಿದ ತಮ್ಮ ಉತ್ತರ ತಲುಪಿತು. ಅದನ್ನು ನಂಬಿ ನನ್ನ ಅವ್ವನನ್ನು ಕಾರಿನಲ್ಲಿ ಕೂರಿಸಿದೆ. ನನ್ನ ದೂರು ಇಷ್ಟೇ: ನೀವು ಸುಳ್ಳು ಬರೆದಿರಿ, ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ.

ಅವ್ವನ ಹೆಸರು ಯಲ್ಲಮ್ಮ. ಏಪ್ರಿಲ್‌ನಲ್ಲಿ ಬೆನ್ನುಮೂಳೆಯ ಆಪರೇಷನ್‌ಗೆಂದು ಉತ್ತರಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದವಳು. ತಿಂಗಳೊಳಗೆ ಊರಿಗೆ ಮರಳಬೇಕಿತ್ತು, ಅಷ್ಟರಲ್ಲಿ ಊರಿನ ರಸ್ತೆ ಅಗೆದು ಹಾಕಿದಿರಿ. "ಕಾರಲ್ಲಿ ಹೋಗ್ಬಹುದು, ಕುಲುಕಾಟ ಮಾತ್ರ ಆಗ್ಲೇಬಾರ್ದು" ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಹೀಗೆ ನಾಲ್ಕು ಸಲ ಪ್ರಯಾಣ ಮುಂದೂಡಿದೆವು. ಅಲ್ಲಿ ಅವಳ ಒಬ್ಬಳೇ ತಂಗಿ, ನನ್ನ ಚಿಕ್ಕವ್ವ, ಲಕ್ವ ಹೊಡೆದು ಮಲಗಿದ್ದಾಳೆ. ಅವಳನ್ನೇ ಇಲ್ಲಿಗೆ ಕರೆತರೋಣವೆಂದರೆ ಅದೇ ರಸ್ತೆ. ಅಕ್ಕತಂಗಿಯರನ್ನು ಒಂದೇ ರಸ್ತೆಯ ಎರಡು ತುದಿಗೆ ಕಟ್ಟಿಹಾಕಿದ ತಮ್ಮ ದಕ್ಷತೆಗೆ ಯಾವ ಪ್ರಶಸ್ತಿ ಕೊಡೋಣ ಹೇಳಿ?

ಕಳೆದ ಭಾನುವಾರ ಬೆಳಿಗ್ಗೆ ಹೊರಟೆವು. ಟ್ಯಾಕ್ಸಿ ಓಡಿಸುವ ನೆರೆಮನೆಯ ಸಂಜೀವಯ್ಯ, ಅವ್ವನ ಬೆನ್ನಿಗೆಂದು ತಮ್ಮ ಮನೆಯ ದಿಂಬು ತಂದಿದ್ದರು. ಊರು ಇನ್ನು ಮೂರು ಕಿಲೋಮೀಟರ್ ಎನ್ನುವಲ್ಲಿ ಡಾಂಬರು ಮುಗಿಯಿತು. ಮುಂದೆ ಮೊಣಕಾಲುದ್ದದ ಗುಂಡಿಗಳು, ಕುಸಿದ ಮೋರಿ, ಅದರ ಪಕ್ಕದಲ್ಲೇ ಕಾಮಗಾರಿ ಮುಗಿದ ದಿನಾಂಕ ಬರೆದ ಹೊಚ್ಚಹೊಸ ಬೋರ್ಡು. ಬೋರ್ಡಿನ ಗುಣಮಟ್ಟದ ಬಗ್ಗೆ ನನ್ನ ತಕರಾರೇನೂ ಇಲ್ಲ.

ಸಂಜೀವಯ್ಯ ಇಳಿದು ನೋಡಿ ಬಂದರು. "ಆಗಲ್ಲ ಸಾರ್. ಖಾಲಿ ಗಾಡಿ ಆಗಿದ್ರೆ ಹೆಂಗೋ ಇಳಿಸ್ತಿದ್ದೆ. ಅಮ್ಮನ್ನ ಕೂರಿಸ್ಕೊಂಡು ನನ್ ಕೈಲಾಗಲ್ಲ."

"ಊರು ಇಲ್ಲೇ ಕಾಣ್ತೈತಲ್ಲೋ, ಕೋಲು ಕೊಡು, ನಡ್ಕೊಂಡೇ ಹೋಯ್ತೀನಿ" ಎಂದಳು ಅವ್ವ. ನಾನು ಬಾಗಿಲಿಗೆ ಅಡ್ಡ ನಿಂತೆ. ಚಿಕ್ಕವ್ವನಿಗೆ ಫೋನ್ ಮಾಡಿಕೊಟ್ಟೆ. ಸರಿಯಾಗಿ ನಾಲಿಗೆ ಹೊರಳದ ಅವಳು "ಅಕ್ಕಾ, ಎಲ್ಲಿದ್ದೀ?" ಎಂದಳು. "ಇಲ್ಲೇ ಇವ್ನಿ ಕಣವ್ವ" ಎಂದ ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಾರು ತಿರುಗಿಸಿದೆವು. ಅವತ್ತು ನನಗೆ ಬಹಳ ನಾಚಿಕೆಯಾಯಿತು. ಕೆಲಸ ಮಾಡದ ನಿಮಗೂ ಸ್ವಲ್ಪ ಆಗಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ಮೂರು ಕಿಲೋಮೀಟರ್ ರಸ್ತೆಯನ್ನು ಈ ತಿಂಗಳೊಳಗೆ ಮಾಡಿಸಿ. ಅಲ್ಲಿಯವರೆಗೆ ದಯವಿಟ್ಟು ನನಗೆ ಉತ್ತರ ಬರೆಯಬೇಡಿ. ಪೋಸ್ಟ್‌ಮ್ಯಾನ್ ಗೇಟು ತೆಗೆದರೆ ಸಾಕು, ಅವ್ವ ಸೀರೆ ಬದಲಿಸಿ ಬಂದು ಬಾಗಿಲಲ್ಲಿ ಕೂರುತ್ತಾಳೆ.

ಇಂತಿ,
ಕರೆದೊಯ್ಯಲೂ ಆಗದೆ, ಆಗುವುದಿಲ್ಲ ಎನ್ನಲೂ ಆಗದೆ,
ಯಲ್ಲಮ್ಮನ ಮಗ ಭೀಮೇಶ್
ಉತ್ತರಹಳ್ಳಿ, ಬೆಂಗಳೂರು