ಎದೆಗೆ ಕಟ್ಟುವ ಚೀಲ

ಮಾರ್ಚ್ 12, ಬುಧವಾರ, ಬೆಳಿಗ್ಗೆ 6:40

ಅಪ್ಪಾ,

ಸೈಕಲ್ ಬೀಗದ ಕೈ ಹುಡುಕಬೇಡ, ನನ್ನ ಹತ್ತಿರ ಇದೆ. ಹೊಲಿಗೆ ಮಷಿನ್ ರಿಪೇರಿಗೆ ನೀನು ಇವತ್ತು ಬರಲ್ಲ ಅಂತ ಟೈಲರಮ್ಮನಿಗೆ ಫೋನ್ ಮಾಡಿದೆ. "ಅಣ್ಣ ನಾಳೆ ಬರ್ಲಿ ಬಿಡಮ್ಮ, ಕೆಟ್ಟ ಮಷಿನ್ ಎಲ್ಲಿಗೂ ಓಡಿಹೋಗಲ್ಲ" ಅಂದರು.

ಒಂಬತ್ತೂವರೆಗೆ ಮಾವ ಸ್ಕೂಟರ್ ತರುತ್ತಾನೆ. ಅವನ ಜೊತೆ ಡಾಕ್ಟರ ಹತ್ತಿರ ಹೋಗು. ದಾರಿಯುದ್ದಕ್ಕೂ ಅವನು ಓಡಿಸುವ ರೀತಿಗೆ ಕೊಂಕು ತೆಗೆಯಬೇಡ.

ಏರು ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುತ್ತೀಯ. ಕೇಳಿದರೆ "ಎದೆಗೆ ಕಟ್ಟಿರೋ ರಿಪೇರಿ ಚೀಲ ಒತ್ತುತ್ತೆ ಕಣೇ, ಇನ್ನೇನಿಲ್ಲ" ಅನ್ನುತ್ತೀಯ. ನಾನೂ ನಂಬಿ ಪಟ್ಟಿ ಸಡಿಲ ಮಾಡಿಕೊಟ್ಟೆ. ಆದರೆ ಭಾನುವಾರ ಚೀಲ ಮನೆಯಲ್ಲೇ ಇತ್ತು, ನೀನು ಅದೇ ಏರಿನಲ್ಲಿ ನಿಂತೆ. ಇದಕ್ಕೇನು ಅರ್ಥ? ಇವತ್ತು ನೀನು ಏಳುವ ಮುಂಚೆ ಆ ಚೀಲ ಕಟ್ಟಿಕೊಂಡು ನಾನೇ ಸೈಕಲ್ಲಿನಲ್ಲಿ ಏರು ಹತ್ತಿ ಬಂದೆ. ನನಗೇನೂ ಆಗಲಿಲ್ಲ. ಆದರೆ ನನಗೆ ಇಪ್ಪತ್ತಾರು, ನಿನಗೆ ಅರವತ್ತೊಂದು. ಅದನ್ನು ಪುರಾವೆ ಅನ್ನಲಾರೆ. ತಲೆ ಗೊಂದಲದ ಗೂಡಾಗಿದೆ.

ಡಾಕ್ಟರ ಹತ್ತಿರ ಭಾನುವಾರದ ವಿಷಯ ಮಾತ್ರ ಮುಚ್ಚಿಡಬೇಡ.

ತಪ್ಪು ಚೀಲದ್ದೇ ಆಗಿರಲಿ ಎಂಬ ಆಸೆಗೆ, ಸಾಮಾನು ತುಂಬಿದ ಹಾಗೆಯೇ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಎರಡು ಸಲ ತೂಗಿದೆ. ಎರಡು ಸಲವೂ ಬರೀ ಆರುನೂರ ನಲವತ್ತು ಗ್ರಾಂ.